ವೆಂಟಿಲೇಟರ್‌ಗೆ ಹಾಕಿದ ಮೇಲೆ ಶ್ವಾಸಕೋಶದಲ್ಲಿ ಆಗೋದೇನು?

2021ರ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಹಾಸನದಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಹಬ್ಬಿತ್ತು: "ವೆಂಟಿಲೇಟರ್‌ಗೆ ಹಾಕಿದ್ರೆ ಮುಗೀತು." ಬೇಲೂರು, ಸಕಲೇಶಪುರ, ಅರಕಲಗೂಡು ಕಡೆಯಿಂದ ಹಾಸನದ ಸರ್ಕಾರಿ ಬೋಧನಾ ಆಸ್ಪತ್ರೆ ಹಿಮ್ಸ್‌ಗೆ ರೋಗಿಯನ್ನು ಕರೆತರುವ ಎಷ್ಟೋ ಮನೆಯವರಿಗೆ ಆ ಭಯ ಇವತ್ತಿಗೂ ಹೋಗಿಲ್ಲ. ಈ ಮಷಿನ್ ಇಲ್ಲದಿದ್ದರೆ ಉಳಿಯದ ಜೀವಗಳು ಲೆಕ್ಕವಿಲ್ಲದಷ್ಟಿವೆ. ಆದರೂ ಆ ಭಯ ಪೂರ್ತಿ ಸುಳ್ಳಲ್ಲ. ಲೆಕ್ಕ ತಪ್ಪಿದರೆ ಮಷಿನ್ ಶ್ವಾಸಕೋಶಕ್ಕೇ ಪೆಟ್ಟು ಕೊಡುತ್ತದೆ. ಇದು ಹೇಗೆ ಅಂತ ವೈದ್ಯರಿಗೆ ಅರ್ಥವಾಗಲು ದಶಕಗಳೇ ಹಿಡಿದವು.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟಾಣಿ ಗಾಳಿಚೀಲಗಳಿವೆ. ಅವುಗಳ ಒಳಗೋಡೆ ಯಾವಾಗಲೂ ಒದ್ದೆ. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಪದರ ಹೇಗೆ ಅಂಟಿಕೊಳ್ಳುತ್ತವೋ, ಉಸಿರು ಬಿಟ್ಟಾಗ ಈ ಚೀಲಗಳೂ ಹಾಗೇ ಅಂಟಿಕೊಳ್ಳಬೇಕಿತ್ತು. ಅಂಟಿಕೊಳ್ಳದ ಹಾಗೆ ಕಾಯುವುದು ಸರ್ಫ್ಯಾಕ್ಟಂಟ್. ಬಹುಪಾಲು ಕೊಬ್ಬು, ಸ್ವಲ್ಪ ಪ್ರೋಟೀನ್ ಇರುವ ತೆಳ್ಳನೆಯ ಪದರ ಅದು. ಚೀಲದ ಗೋಡೆಯ ಕೋಶಗಳೇ ಅದನ್ನು ತಯಾರಿಸುತ್ತವೆ.

ಇದರ ಮೊದಲ ಸುಳಿವು ಸಿಕ್ಕಿದ್ದು 1929ರಲ್ಲಿ. ಗಾಳಿಗಿಂತ ದ್ರವ ತುಂಬಿದರೆ ಶ್ವಾಸಕೋಶ ಸಲೀಸಾಗಿ ಹಿಗ್ಗುತ್ತದೆ ಎಂದು ಕುರ್ಟ್ ಫಾನ್ ನೀರ್‌ಗಾರ್ಡ್ ತೋರಿಸಿದರು. ಅಂದರೆ ಗಾಳಿ ತಾಗುವ ಒದ್ದೆ ಗೋಡೆಯ ಎಳೆತವೇ ಹಿಗ್ಗಲು ಅಡ್ಡಿ. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1955ರಲ್ಲಿ ಬ್ರಿಟನ್ನಿನ ರಿಚರ್ಡ್ ಪ್ಯಾಟಲ್ ಶ್ವಾಸಕೋಶದ ನೊರೆಯ ಗುಳ್ಳೆಗಳು ಒಡೆಯದೆ ನಿಲ್ಲುವುದನ್ನು ಗಮನಿಸಿದರು. 1957ರಲ್ಲಿ ಜಾನ್ ಕ್ಲೆಮೆಂಟ್ಸ್ ಆ ಪದರದ ಗುಣವನ್ನು ಅಳೆದರು. ದಿನ ತುಂಬದೆ ಹುಟ್ಟಿದ ಮಕ್ಕಳು ಉಸಿರಿಗೆ ಒದ್ದಾಡುವುದು ಇದೇ ಪದಾರ್ಥದ ಕೊರತೆಯಿಂದ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಹೇಳಿದರು. ಗೊತ್ತಾದರೂ ಮದ್ದಿರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಹುಟ್ಟಿ ಎರಡು ದಿನ ತುಂಬುವ ಮೊದಲೇ ಇದೇ ಕಾಯಿಲೆಗೆ ಬಲಿಯಾಯಿತು.

ಇನ್ನೊಂದು ಕಡೆ ಮಷಿನ್ ಬೆಳೆಯುತ್ತಿತ್ತು. 1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್‌ನ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಕೈಯಲ್ಲೇ ಬ್ಯಾಗ್ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಆಮೇಲೆ ಆ ಕೆಲಸ ಮಷಿನ್‌ಗೆ ಬಂತು. ರಕ್ತದಲ್ಲಿ ಆಮ್ಲಜನಕ ಸರಿ ಇರಬೇಕು, ಅದಕ್ಕೆ ಗಾಳಿ ಜಾಸ್ತಿ ಕೊಡಬೇಕು ಅನ್ನೋದೇ ಬಹುಕಾಲ ನಡೆದ ರೂಢಿ.

1974ರಲ್ಲಿ ವೆಬ್ ಮತ್ತು ಟಿಯರ್ನಿ ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ನಾನು ಈ ಕಥೆಯ ತಿರುವು ಅಂತಲೇ ಎಣಿಸುತ್ತೇನೆ. 45 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡದಲ್ಲಿ ಗಾಳಿ ನೂಕಿ, ಉಸಿರು ಬಿಡುವಾಗ ಒತ್ತಡವನ್ನು ಸೊನ್ನೆಗೆ ಇಳಿಸಿದರು. ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿ ಇಲಿಗಳು ಸತ್ತವು. ಬೇರೆ ಇಲಿಗಳಿಗೂ ಅದೇ 45, ಆದರೆ ಉಸಿರಿನ ಕೊನೆಯಲ್ಲಿ 10ರಷ್ಟು ಒತ್ತಡ ಉಳಿಸಿದರು. ಅವುಗಳ ಗಾಳಿಚೀಲಗಳಲ್ಲಿ ನೀರು ತುಂಬಲಿಲ್ಲ! ಈ ಉಳಿಸಿದ ಒತ್ತಡವೇ ಇವತ್ತು ಐಸಿಯುನಲ್ಲಿ ಎಲ್ಲರೂ ಹೇಳುವ 'ಪೀಪ್'.

ಇದರಲ್ಲಿ ಸರ್ಫ್ಯಾಕ್ಟಂಟ್ ಪಾತ್ರ ದೊಡ್ಡದು. ಚೀಲ ವಿಪರೀತ ಹಿಗ್ಗಿ, ಮತ್ತೆ ಪೂರ್ತಿ ಮುದುಡಿದರೆ ಆ ಪದರ ಕೆಡುತ್ತದೆ. ಚೀಲ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಅದನ್ನು ಬಲವಂತವಾಗಿ ಬಿಡಿಸಬೇಕಾಗಿ ಗೋಡೆ ಹರಿಯುತ್ತದೆ. ರಕ್ತದ ಪ್ರೋಟೀನ್ ಒಳಗೆ ಸೋರಿ, ಉಳಿದ ಸರ್ಫ್ಯಾಕ್ಟಂಟನ್ನೂ ನಿಷ್ಕ್ರಿಯ ಮಾಡುತ್ತದೆ. ಒಂದು ಪೆಟ್ಟು ಇನ್ನೊಂದಕ್ಕೆ ದಾರಿ.

ಮಕ್ಕಳ ವಿಷಯದಲ್ಲಿ ಪರಿಹಾರ ಸಿಕ್ಕಿತು. 1980ರಲ್ಲಿ ಜಪಾನಿನ ಫುಜಿವಾರಾ ದನದ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು 10 ಹಸುಗೂಸುಗಳಿಗೆ ಕೊಟ್ಟು ಫಲ ಕಂಡರು. ಶ್ವಾಸಕೋಶ ತೀವ್ರವಾಗಿ ಕೆಟ್ಟ ದೊಡ್ಡವರಿಗೆ ಮಾತ್ರ ಅದು ಕೈಹಿಡಿಯಲಿಲ್ಲ. 1996ರಲ್ಲಿ 725 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಲಾಭ ಕಾಣಲಿಲ್ಲ. ಅವರ ಸಮಸ್ಯೆ ಬರೀ ಕೊರತೆಯಲ್ಲ, ಉರಿಯೂತವೂ ಜೊತೆಗಿರುತ್ತದೆ.

ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವುದೇ ದಾರಿಯಾಯಿತು. 2000ದಲ್ಲಿ ವೆಂಟಿಲೇಟರ್‌ನಲ್ಲಿದ್ದ ಇಂಥ 861 ರೋಗಿಗಳ ಅಮೆರಿಕದ ಅಧ್ಯಯನ ಪ್ರಕಟವಾಯಿತು. ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ಸಾವು ಶೇ. 39.8, 6 ಮಿಲಿಲೀಟರ್ ಕೊಟ್ಟವರಲ್ಲಿ ಶೇ. 31. ಈ ಕಿಲೋ ರೋಗಿ ತೂಗುವ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ದಪ್ಪಗಾದರೆ ಶ್ವಾಸಕೋಶ ಬೆಳೆಯಲ್ಲ, ಅಲ್ವಾ? 5 ಅಡಿ 5 ಇಂಚಿನ ಗಂಡಸು 60 ಕಿಲೋ ಇರಲಿ, 90 ಇರಲಿ, ಲೆಕ್ಕಕ್ಕೆ ಸಿಗುವುದು 61 ಕಿಲೋ ಚಿಲ್ಲರೆ. ಕಿಲೋಗೆ 6ರಂತೆ ಒಂದು ಉಸಿರಿಗೆ ಸುಮಾರು 370 ಮಿಲಿಲೀಟರ್. ಮಲಗಿದ ರೋಗಿಯ ಎತ್ತರವನ್ನು ನರ್ಸ್ ಟೇಪ್ ಹಿಡಿದು ಅಳೆಯುವುದು ಇದಕ್ಕೇ. ಉಸಿರು ಸಣ್ಣದಾಗಿ ಕಂಡರೆ "ಗಾಳಿ ಕಮ್ಮಿ ಕೊಡ್ತಿದ್ದಾರೆ" ಅಂತ ಮನೆಯವರು ಗಾಬರಿಯಾಗಬೇಕಿಲ್ಲ. ಪೀಪ್ ಎಷ್ಟಿದೆ, ಎತ್ತರ ಅಳೆದಿದ್ದೀರಾ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಬಹುದು.