ಕಿಡ್ನಿ ಕ್ಯಾನ್ಸರ್ ಟ್ರಯಲ್: ಮೊದಲು ಎದುರು ಗುಂಪನ್ನು ನೋಡಿ

ಮುಂದುವರಿದ ಕಿಡ್ನಿ ಕ್ಯಾನ್ಸರ್‌ಗೆ ಎರಡು ಮದ್ದು ಸೇರಿಸಿ ಕೊಡುವ ಟ್ರಯಲ್‌ಗಳನ್ನು ಓದುವಾಗ ನಮ್ಮ ಕಣ್ಣು ಹೊಸ ಮದ್ದಿನ ಮೇಲೇ ಇರುತ್ತದೆ, ಅಲ್ವಾ? ಹೋಲಿಕೆಗೆ ಇಟ್ಟ ಎದುರು ಗುಂಪಿಗೆ ಏನು ಕೊಟ್ಟರು ಅಂತ ಮೊದಲು ನೋಡಿ.

ಯಾಕೆ ಸೇರಿಸಬೇಕು? ಕಿಡ್ನಿ ಕ್ಯಾನ್ಸರ್‌ನಲ್ಲಿ ಹೆಚ್ಚು ಕಾಣುವ ಬಗೆಯಾದ ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ವಿಎಚ್‌ಎಲ್ ಎಂಬ ಜೀನ್ ಕೆಟ್ಟಿರುತ್ತದೆ. ಆಗ ಆಮ್ಲಜನಕ ಸಾಕಷ್ಟಿದ್ದರೂ ಇಲ್ಲವೆಂಬಂತೆ ಜೀವಕೋಶ ನಡೆದುಕೊಳ್ಳುತ್ತದೆ. ರಕ್ತನಾಳ ಬೆಳೆಯಲು ಸೂಚನೆ ಕೊಡುವ ವಿಇಜಿಎಫ್ ಎಂಬ ಪ್ರೋಟೀನ್ ಹೊರಬಿಟ್ಟು ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಸುನಿಟಿನಿಬ್, ಆಕ್ಸಿಟಿನಿಬ್ ಮಾತ್ರೆಗಳು ಇದನ್ನು ತಡೆಯುತ್ತವೆ. ಡ್ರಿಪ್‌ನಲ್ಲಿ ಕೊಡುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ದೇಹದ ರಕ್ಷಣೆಗೆ ಹೋರಾಡುವ ಟಿ ಕಣಗಳಿಗೆ ಬಿದ್ದ ಬ್ರೇಕ್ ತೆಗೆಯುತ್ತವೆ. ದಾರಿ ಬೇರೆ ಬೇರೆ, ಹಾಗಾಗಿ ಜೊತೆಗೆ ಕೊಟ್ಟು ನೋಡಿದರು.

ಆದರೆ ಸುಮ್ನೆ ಸೇರಿಸಿದರೆ ಆಗುವುದಿಲ್ಲ. ಚೆಕ್‌ಮೇಟ್ 016 ಎಂಬ ಟ್ರಯಲ್‌ನಲ್ಲಿ ನಿವೊಲುಮಾಬ್ ಜೊತೆ ರಕ್ತನಾಳ ತಡೆಯುವ ಇನ್ನೊಂದು ಮಾತ್ರೆ ಪಜೋಪನಿಬ್ ಕೊಟ್ಟಾಗ ಲಿವರ್‌ಗೆ ಪೆಟ್ಟು ಬಿತ್ತು, ಆ ಗುಂಪನ್ನೇ ನಿಲ್ಲಿಸಬೇಕಾಯಿತು. ಆಕ್ಸಿಟಿನಿಬ್ ಇಲ್ಲಿ ಅನುಕೂಲಕ್ಕೆ ಬಂತು. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಕೆಲವೇ ಗಂಟೆ. ರೋಗಿಗೆ ಭೇದಿ ಶುರುವಾಯಿತು ಅನ್ನಿ. ಮಾತ್ರೆಯಿಂದಲೋ, ಡ್ರಿಪ್‌ನಿಂದಲೋ? ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಒಂದೆರಡು ದಿನದಲ್ಲಿ ಕಡಿಮೆಯಾದರೆ ಮಾತ್ರೆಯ ಮೇಲೆ ಅನುಮಾನ. ಆಗದಿದ್ದರೆ ಡ್ರಿಪ್‌ನಿಂದ ಕರುಳು ಉರಿಯುತ್ತಿರಬಹುದು, ಅದಕ್ಕೆ ಸ್ಟೀರಾಯ್ಡ್ ಬೇಕಾಗುತ್ತದೆ. ಈ ಭಾಗ ನನಗೆ ತುಂಬಾ ಇಷ್ಟ. ಮದ್ದು ದೇಹದಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವ ಒಣ ಪಾಠ ಇಲ್ಲಿ ರೋಗಿಯ ಹಾಸಿಗೆಯ ಪಕ್ಕ ಕೆಲಸಕ್ಕೆ ಬರುತ್ತದೆ.

2019ರಲ್ಲಿ ಪ್ರಕಟವಾದ ಕೀನೋಟ್ 426 ಟ್ರಯಲ್‌ನಲ್ಲಿ 861 ರೋಗಿಗಳಿದ್ದರು. ಪೆಂಬ್ರೊಲಿಜುಮಾಬ್, ಆಕ್ಸಿಟಿನಿಬ್ ಎರಡೂ ಪಡೆದವರಲ್ಲಿ ಒಂದು ವರ್ಷಕ್ಕೆ ಬದುಕಿದ್ದವರು ಶೇ. 89.9. ಎದುರು ಗುಂಪಿನಲ್ಲಿ, ಅಂದರೆ ಸುನಿಟಿನಿಬ್ ಪಡೆದವರಲ್ಲಿ, ಶೇ. 78.3. ದೊಡ್ಡ ಗೆಲುವೇ. ಆದರೆ ಪೆಂಬ್ರೊಲಿಜುಮಾಬ್ ಒಂದನ್ನೇ ಪಡೆದ ಗುಂಪು ಅಲ್ಲಿರಲಿಲ್ಲ. ಒಂದರ ನಂತರ ಒಂದು ಕೊಟ್ಟಿದ್ದರೆ ಇದೇ ಫಲ ಸಿಗುತ್ತಿತ್ತೇ? ಈ ಟ್ರಯಲ್ ಅದನ್ನು ಹೇಳಲಾರದು.

ಕಾಸ್ಮಿಕ್ 313 ಎಂಬ ಇನ್ನೊಂದು ಟ್ರಯಲ್‌ನ ಎದುರು ಗುಂಪು ಗಟ್ಟಿ. ನಿವೊಲುಮಾಬ್ ಮತ್ತು ಟಿ ಕಣಗಳ ಬ್ರೇಕ್ ತೆಗೆಯುವ ಇನ್ನೊಂದು ಡ್ರಿಪ್ ಇಪಿಲಿಮುಮಾಬ್, ಇವೆರಡನ್ನೂ ಎರಡು ಗುಂಪಿಗೂ ಕೊಟ್ಟರು. ಒಂದು ಗುಂಪಿಗೆ ಜೊತೆಗೆ ರಕ್ತನಾಳ ತಡೆಯುವ ಮಾತ್ರೆ ಕ್ಯಾಬೊಜಾಂಟಿನಿಬ್, ಇನ್ನೊಂದಕ್ಕೆ ಮದ್ದಿಲ್ಲದ ಮಾತ್ರೆ. ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಮೂರು ಮದ್ದಿನ ಗುಂಪಿನಲ್ಲಿ ಶೇ. 57, ಎದುರು ಗುಂಪಿನಲ್ಲಿ ಶೇ. 49. ಆದರೆ ತೀವ್ರ ಅಡ್ಡಪರಿಣಾಮ ಕಂಡವರು ಅದೇ ಕ್ರಮದಲ್ಲಿ ಶೇ. 79 ಮತ್ತು ಶೇ. 56. ಮುಂದೆ ಒಟ್ಟು ಬದುಕಿದ ಕಾಲವನ್ನು ಲೆಕ್ಕ ಹಾಕಿದಾಗ ಮೂರನೇ ಮದ್ದಿನಿಂದ ಆಯಸ್ಸು ಹೆಚ್ಚಿರಲಿಲ್ಲ.