ಲೋಗೋ ಆಮೇಲೆ, ಮೊದಲು ಲಾಟ್ ಎಷ್ಟು ಹೇಳಿ

ಸ್ವಂತ ಸ್ಟ್ರೀಟ್‌ವೇರ್ (ಸಡಿಲ ಟೀಶರ್ಟ್ ಥರದ ಬೀದಿ ಫ್ಯಾಷನ್) ಬ್ರ್ಯಾಂಡ್ ಶುರು ಮಾಡಬೇಕು ಅಂತ ಬರುವವರು ಮೊದಲು ಫೋನ್ ತೆಗೆದು ಲೋಗೋ ತೋರಿಸುತ್ತಾರೆ. ಲೋಗೋ ಚೆನ್ನಾಗೇ ಇರುತ್ತದೆ. ನಾನು ಕೇಳುವುದು ಬೇರೆ: ಮೊದಲ ಲಾಟ್, ಅಂದರೆ ಒಂದು ಸಲಕ್ಕೆ ಮಾಡಿಸುವ ಮಾಲು, ಎಷ್ಟು ಪೀಸು? ಅಲ್ಲಿಗೆ ಮಾತು ನಿಂತುಬಿಡುತ್ತದೆ. ಸಣ್ಣ ಬ್ರ್ಯಾಂಡ್‌ಗಳಿಗೆ ಮಾಲು ರೆಡಿ ಮಾಡಿಸಿಕೊಡುವುದು ನನ್ನ ಕೆಲಸ. ಬಟ್ಟೆ ತಿರುಪ್ಪೂರಿನದು, ಕಟಿಂಗ್ ಮತ್ತು ಹೊಲಿಗೆ ಬೆಂಗಳೂರಿನಲ್ಲಿ. ನಾನು ನೋಡಿದಂತೆ ಮುಳುಗಿದ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ಡಿಸೈನ್ ಕೆಟ್ಟು ಮುಳುಗಲಿಲ್ಲ, ಸ್ಟಾಕ್ ಜಾಸ್ತಿಯಾಗಿ ಮುಳುಗಿದವು.

ಎಲ್ಲರ ಬಾಯಲ್ಲೂ ಅಮೆರಿಕದ ಸ್ಟ್ರೀಟ್‌ವೇರ್ ಬ್ರ್ಯಾಂಡ್ ಸುಪ್ರೀಮ್‌ನ ಹೆಸರು. ಸರಿ, ಅದನ್ನೇ ನೋಡೋಣ. 1994ರಲ್ಲಿ ಜೇಮ್ಸ್ ಜೆಬಿಯಾ ನ್ಯೂಯಾರ್ಕಿನ ಡೌನ್‌ಟೌನ್‌ನ ಲಫಾಯೆಟ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಬಟ್ಟೆಯನ್ನೆಲ್ಲ ಗೋಡೆಯ ಬದಿಗೆ ಜೋಡಿಸಿ ನಡುವೆ ಜಾಗ ಖಾಲಿ ಬಿಟ್ಟರು. ಹುಡುಗರು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸ್ಕೇಟ್‌ಬೋರ್ಡ್ ಮೇಲೇ ಒಳಗೆ ಬರಲಿ ಅಂತ. ಕೌಂಟರಿನಲ್ಲಿ ಕೆಲಸಕ್ಕೂ ಅದೇ ಹುಡುಗರು. ಅಲ್ಲಿ ಮಾಲು ಬೇಗ ಖಾಲಿಯಾಗುತ್ತಿದ್ದುದನ್ನು ಈಗ ಭಾರೀ ಮಾರ್ಕೆಟಿಂಗ್ ತಂತ್ರ ಅಂತ ಹೊಗಳುತ್ತಾರೆ. ಜೆಬಿಯಾ ಕೊಟ್ಟ ಕಾರಣ ಸಾದಾ: ಯಾರಿಗೂ ಬೇಡದ ಮಾಲು ನಮ್ಮ ಬಳಿ ಉಳಿಯಬಾರದು. ಚಿಕ್ಕಪೇಟೆಯ ಯಾವ ಅಂಗಡಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅಲ್ವಾ?

ಟೋಕಿಯೋದ ಕಥೆ ಇನ್ನೂ ಸ್ವಾರಸ್ಯ. 1993ರಲ್ಲಿ ಹರಾಜುಕುವಿನ ಹಿಂದಿನ ಓಣಿಯಲ್ಲಿ ನಿಗೋ ಮತ್ತು ಜುನ್ ತಕಹಾಶಿ ಎಂಬ ಇಬ್ಬರು ಡಿಸೈನರ್‌ಗಳು 'ನೋವೇರ್' ಅನ್ನುವ ಪುಟ್ಟ ಅಂಗಡಿ ಹಾಕಿದರು. ನಿಗೋ ಅವರ 'ಎ ಬೇದಿಂಗ್ ಏಪ್' ಬ್ರ್ಯಾಂಡಿನ ಟೀಶರ್ಟ್‌ಗಳು ಆಗ ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ತಯಾರಾಗುತ್ತಿದ್ದವು. ಅದರಲ್ಲೂ ಬೇಕಾದಷ್ಟು ಗೆಳೆಯರಿಗೇ ಹೋಗುತ್ತಿದ್ದವು. ಆಮೇಲೆ ಊರೂರಿಗೆ ಅಂಗಡಿಗಳಾದವು, ಸಾಲವೂ ಬೆಳೆಯಿತು. 2011ರಲ್ಲಿ ಹಾಂಗ್‌ಕಾಂಗ್‌ನ 'ಐ.ಟಿ.' ಅನ್ನುವ ಹೆಸರಿನ ಫ್ಯಾಷನ್ ಕಂಪನಿ ಅದರ ಸುಮಾರು 90 ಪರ್ಸೆಂಟ್ ಪಾಲನ್ನು ಕೊಂಡದ್ದು ಹತ್ತಿರಹತ್ತಿರ 28 ಲಕ್ಷ ಡಾಲರಿಗೆ. ಸುಪ್ರೀಮ್ ಅನ್ನು 2020ರಲ್ಲಿ ಅಮೆರಿಕದ ಉಡುಪು ಕಂಪನಿ ವಿಎಫ್ 210 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎರಡರ ಲೋಗೋವೂ ಜಗತ್ತಿಗೇ ಗೊತ್ತು, ಆದರೂ ಬೆಲೆ ಮಾತ್ರ ಎಲ್ಲಿಂದೆಲ್ಲಿಗೆ. (ಆ ವಿಎಫ್ ಕೂಡ 2024ರಲ್ಲಿ ಸುಪ್ರೀಮ್ ಅನ್ನು 150 ಕೋಟಿ ಡಾಲರಿಗೆ ಕೈಬಿಟ್ಟಿತು. ದೊಡ್ಡವರಿಗೂ ಕೈ ಸುಡುತ್ತದೆ.)

ಈಗ ನಮ್ಮ ಲೆಕ್ಕ. ಉದಾಹರಣೆಗೆ 300 ಓವರ್‌ಸೈಜ್ ಟೀಶರ್ಟ್, ಪೀಸಿಗೆ 450 ರೂಪಾಯಿ ಖರ್ಚು ಅಂದುಕೊಳ್ಳಿ. ಹಾಕಿದ ದುಡ್ಡು 1,35,000. ಮಾರುವ ಬೆಲೆ 1,299. ಜಿಎಸ್‌ಟಿ ಕಳೆದರೆ 1,237. ಪ್ಯಾಕಿಂಗ್, ಕೊರಿಯರ್, ಪೇಮೆಂಟ್ ಗೇಟ್‌ವೇ ಅಂತ 150 ತೆಗೆಯಿರಿ. ಕೈಗೆ ಬಂದದ್ದು 1,087. ಹಾಕಿದ ದುಡ್ಡು ವಾಪಸ್ ಬರಬೇಕಾದರೆ 125 ಪೀಸು ಹೋಗಬೇಕು. ಲಾಭ ಇರುವುದು ಉಳಿದ 175ರಲ್ಲಿ. ಅವು ಮನೆಯ ಮಂಚದ ಕೆಳಗೆ ಡಬ್ಬದಲ್ಲಿರುತ್ತವೆ, ಅದೂ ಬರೀ ಎಸ್ ಮತ್ತು ಡಬಲ್ ಎಕ್ಸ್‌ಎಲ್. ಎಂ, ಎಲ್ ಮೊದಲೇ ಖಾಲಿ.

ಅದೇ 60 ಪೀಸು ಮಾಡಿಸಿ. ಖರ್ಚು ಜಾಸ್ತಿ, ಪೀಸಿಗೆ 560 ಬೀಳಲಿ. ಒಟ್ಟು 33,600. 31 ಜನ ಕೊಂಡರೆ ಅಸಲು ಬಂತು. 125 ಅಪರಿಚಿತರನ್ನು ಹುಡುಕುವುದು ಬೇರೆ ಮಾತು. 31 ಜನ ನಿಮ್ಮ ಸುತ್ತಲೇ ಇದ್ದಾರೆ: ನಿಮ್ಮ ಜೊತೆ ರ‍್ಯಾಪ್ ಮಾಡುವವರು, ಡ್ಯಾನ್ಸ್ ಕ್ರೂನವರು, ಟ್ಯಾಟೂ ಅಂಗಡಿಯವರು, ಗೋಡೆಗೆ ಚಿತ್ರ ಬರೆಯುವವರು. ಊರಿನ ನಡುವೆ ಇಂಥದ್ದೊಂದು ಬಳಗ ಇರುವುದರ ನಿಜವಾದ ಉಪಯೋಗ ಇದು. ಫೋಟೋಗೆ ಹಿನ್ನೆಲೆಯಾಗಲಿ ಅಂತ ಚರ್ಚ್ ಸ್ಟ್ರೀಟಿಗೆ ಹೋಗುವುದಲ್ಲ.

60 ಪೀಸು ಯಾರು ಮಾಡಿಕೊಡುತ್ತಾರೆ ಅಂತ ಕೇಳುತ್ತೀರಿ. ಹೊಲಿಗೆಯವರು ಸಿಗುತ್ತಾರೆ. ಅಡ್ಡ ಬರುವುದು ಡೈಯಿಂಗ್, ಅಂದರೆ ಬಟ್ಟೆಗೆ ಬಣ್ಣ ಹಾಕಿಸುವುದು. ಕಪ್ಪು, ಬಿಳಿ, ಆಫ್‌ವೈಟ್ ಬಟ್ಟೆ ಕೆಜಿ ಲೆಕ್ಕದಲ್ಲಿ ರೆಡಿ ಸಿಗುತ್ತದೆ. ನಿಮ್ಮದೇ ಒಂದು ಹಸಿರು ಬೇಕು ಅಂದರೆ ಪೂರ್ತಿ ಲಾಟ್ ಹಾಕಿಸಬೇಕು. 100 ಕೆಜಿ ಅಂದುಕೊಳ್ಳಿ. 240 ಜಿಎಸ್‌ಎಂ (ಒಂದು ಚದರ ಮೀಟರಿಗೆ 240 ಗ್ರಾಂ ತೂಗುವ) ಬಟ್ಟೆಯಲ್ಲಿ ಒಂದು ಓವರ್‌ಸೈಜ್ ಟೀಶರ್ಟಿಗೆ ವೇಸ್ಟೇಜ್ ಸೇರಿ ಸುಮಾರು 330 ಗ್ರಾಂ ಹೋಗುತ್ತದೆ. ಒಂದು ಬಣ್ಣದ ಆಸೆಗೆ 300 ಪೀಸು ತಲೆ ಮೇಲೆ ಬಿತ್ತು. ಹಾಗಾಗಿ ಮೊದಲ ಲಾಟ್ ಕಪ್ಪು ಇಲ್ಲವೇ ಬಿಳಿ. ಬಣ್ಣವನ್ನು ಪ್ರಿಂಟಿನಲ್ಲಿ ಆಡಿ. ಅಲ್ಲೂ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ (ಪ್ರಿಂಟ್ ಹಾಕುವ ಜಾಲರಿ ಚೌಕಟ್ಟು), ಅದು ನೆನಪಿರಲಿ.

ಮುಂದೆ ಸ್ವಂತ ಬಣ್ಣ ಹಾಕಿಸುವ ದಿನ ಬಂದರೆ, ಕತ್ತಿನ ಪಟ್ಟಿಗೆ ಹಾಕುವ ರಿಬ್ ಬಟ್ಟೆಯನ್ನೂ ಅದೇ ಲಾಟ್‌ನಲ್ಲಿ ಹಾಕಿಸಿ. ಬೇರೆ ಹಾಕಿಸಿದರೆ ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ. ಬಿಸಿಲಿಗೆ ತಂದರೆ ಕತ್ತಿನ ಪಟ್ಟಿ ಯಾವುದೋ ಬೇರೆ ಶರ್ಟಿನದು ಅನಿಸುತ್ತದೆ. ರಿಬ್‌ನಲ್ಲಿ ಲೈಕ್ರಾ (ಹಿಗ್ಗಿ ಕುಗ್ಗುವ ನೂಲು) ಇರಲಿ, ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಕತ್ತು ಅಲೆಅಲೆಯಾಗುತ್ತದೆ. ಕಟಿಂಗಿಗೆ ಕೊಡುವ ಮೊದಲು ಬಟ್ಟೆಯ ಮೇಲೆ ಒಂದು ಚೌಕ ಗುರುತು ಮಾಡಿ, ಮೂರು ಸಲ ಒಗೆದು ಅಳೆಯಿರಿ. ಎಷ್ಟು ಕುಗ್ಗಿತು, ಎಷ್ಟು ತಿರುಚಿತು ಅಂತ ಕಣ್ಣಿಗೇ ಕಾಣುತ್ತದೆ. ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದ ಟೀಶರ್ಟನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ.

ಮಾರಾಟಕ್ಕೆ ಬಾಡಿಗೆ ಅಂಗಡಿ ಈಗಲೇ ಬೇಡ. ಸಂಡೇ ಸೋಲ್ ಸಂತೆಯಂಥ ಕಡೆ ಒಂದು ಟೇಬಲ್, ಗೆಳೆಯರ ಗಿಗ್‌ನಲ್ಲಿ ಬಾಗಿಲ ಪಕ್ಕ ಒಂದು ಹ್ಯಾಂಗರ್ ಸ್ಟ್ಯಾಂಡ್ ಸಾಕು. ಅಲ್ಲಿ ನಿಂತು ಇಲ್ಲದ ಸೈಜ್ ಕೇಳಿದವರನ್ನೆಲ್ಲ ಬರೆದುಕೊಳ್ಳಿ. ಮುಂದಿನ ಲಾಟ್‌ನ ಸೈಜ್ ರೇಶಿಯೋ, ಅಂದರೆ ಯಾವ ಸೈಜ್ ಎಷ್ಟು ಅನ್ನುವುದು, ಆ ಚೀಟಿಯಲ್ಲಿರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಾದವರಿಗೆ ಸುಮ್ನೆ ಡಬ್ಬ ಕಳಿಸುವುದು ನನಗೆ ದಂಡ ಅನಿಸುತ್ತದೆ. ಅದೇ ಪೀಸನ್ನು ನಿಮ್ಮ ಡ್ರಮ್ಮರ್ ಗೆಳೆಯನಿಗೆ ಕೊಡಿ, ಅವನು ವಾರಕ್ಕೆ ಮೂರು ಸಲ ಹಾಕುತ್ತಾನೆ. ಬೇರೆಯವರ ಅಂಗಡಿಯಲ್ಲಿ ಇಟ್ಟು ಮಾರಿದರೆ ಸಾಮಾನ್ಯವಾಗಿ 30ರಿಂದ 40 ಪರ್ಸೆಂಟ್ ಅವರಿಗೆ ಹೋಗುತ್ತದೆ. ಬೆಲೆ ಇಡುವಾಗಲೇ ಅದನ್ನು ಸೇರಿಸಿಕೊಳ್ಳಿ.

ಬೆಲೆಯ ಮಾತು ಬಂದಾಗ ಹೂಡಿ (ಟೋಪಿ ಇರುವ ಸ್ವೆಟ್‌ಶರ್ಟ್) ಬಗ್ಗೆ ಒಂದು ಎಚ್ಚರ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ 5 ಪರ್ಸೆಂಟ್ ಜಿಎಸ್‌ಟಿ, ಅದಕ್ಕೆ ಮೇಲೆ 18. ತೆರಿಗೆಗೆ ಮುಂಚಿನ ಬೆಲೆ 2,600 ಇಟ್ಟರೆ ಗಿರಾಕಿ ಕೊಡುವುದು 3,068. 2,500 ಇಟ್ಟರೆ 2,625. ನೂರು ರೂಪಾಯಿ ಆಸೆಗೆ ಗಿರಾಕಿಯ ಜೇಬಿನಿಂದ 443 ಜಾಸ್ತಿ ಕೇಳಿದ ಹಾಗಾಯಿತು.

ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿ ಉಡುಪಿನ 25ನೇ ಕ್ಲಾಸಿನಲ್ಲಿ ಹಾಕಬೇಕು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ 4,500 ರೂಪಾಯಿ. ಅದಕ್ಕೂ ಮೊದಲು ಅದೇ ಹೆಸರು ಬೇರೆಯವರು ಹಾಕಿದ್ದಾರಾ ಅಂತ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಬಹುದು. ಇದೆಲ್ಲ ನೆಕ್ ಲೇಬಲ್ ಆರ್ಡರ್ ಕೊಡುವ ಮುಂಚೆ ಆಗಲಿ. ನೇಯ್ದ ಲೇಬಲ್ ಮಾಡುವವರು ಸಾಮಾನ್ಯವಾಗಿ ಸಾವಿರಕ್ಕೆ ಕಡಿಮೆ ಮಾಡುವುದಿಲ್ಲ. ನಿಮ್ಮ ಲಾಟ್ 60.