ರಾತ್ರಿ ಹೊತ್ತು ವಿಮಾನಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ರಾತ್ರಿ ವಿಮಾನ ರನ್‌ವೇ ಕಡೆ ಹೊರಟಾಗ ಕಿಟಕಿಯಾಚೆ ಬರೀ ಕತ್ತಲು, ಅಲ್ಲೊಂದು ಇಲ್ಲೊಂದು ನೀಲಿ ದೀಪ. ಪೈಲಟ್‌ಗೆ ದಾರಿ ಹೇಗೆ ಗೊತ್ತಾಗುತ್ತದೆ? ಕಾರಿನ ಹಾಗೆ ಜೋರಾದ ಹೆಡ್‌ಲೈಟ್ ಹಾಕಿದರೆ ಆಗಲ್ವಾ?

ಲೈಟ್ ಇದೆ. ಮುಂದಿನ ಚಕ್ರದ ಹತ್ತಿರ ಟ್ಯಾಕ್ಸಿ ಲೈಟ್ ಇರುತ್ತದೆ, ಆದರೆ ಅದರಲ್ಲಿ ಕಾಣುವುದು ಮುಂದಿನ ಸ್ವಲ್ಪ ನೆಲ ಮಾತ್ರ. ಇನ್ನೂ ಜೋರಾದ ಲ್ಯಾಂಡಿಂಗ್ ಲೈಟನ್ನು ನಿಲ್ದಾಣದೊಳಗೆ ಓಡಾಡುವಾಗ ಸಾಮಾನ್ಯವಾಗಿ ಹಾಕುವುದಿಲ್ಲ. ಹೆದ್ದಾರಿಯಲ್ಲಿ ಎದುರಿನ ಲಾರಿ ಹೈಬೀಮ್ ಹಾಕಿಕೊಂಡು ಬಂದರೆ ನಮಗೆ ಹೇಗಾಗುತ್ತೆ, ಎದುರಿನ ಪೈಲಟ್‌ಗೂ ನೆಲದ ಮೇಲೆ ಕೆಲಸ ಮಾಡುವವರಿಗೂ ಹಾಗೇ ಆಗುತ್ತದೆ.

ದಾರಿ ಹೇಳುವುದು ದೀಪಗಳ ಬಣ್ಣ. ನೀವು ನೋಡುವ ನೀಲಿ ದೀಪ ಟ್ಯಾಕ್ಸಿವೇಯ, ಅಂದರೆ ರನ್‌ವೇಗೆ ಹೋಗಿಬರುವ ದಾರಿಯ, ಅಂಚು. ದೊಡ್ಡ ನಿಲ್ದಾಣಗಳಲ್ಲಿ ನಡುವೆ ಹಸಿರು ದೀಪಗಳ ಸಾಲೂ ಇರುತ್ತದೆ, ಪೈಲಟ್ ಅದರ ಮೇಲೇ ಹೋಗುತ್ತಾರೆ. ಪಕ್ಕದಲ್ಲಿ ಬೋರ್ಡುಗಳು: ಕಪ್ಪು ಬೋರ್ಡಿನ ಹಳದಿ ಅಕ್ಷರ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ, ಹಳದಿ ಬೋರ್ಡಿನ ಕಪ್ಪು ಅಕ್ಷರ ಯಾವ ಕಡೆ ಏನಿದೆ ಅಂತ. ಕೆಂಪು ಬೋರ್ಡಿನ ಮೇಲೆ ಬಿಳಿ ಅಂಕಿ ಕಂಡರೆ ಮುಂದೆ ರನ್‌ವೇ.

ಕತ್ತಲಲ್ಲಿ ವೇಗ ತಿಳಿಯುವುದೂ ಕಷ್ಟ. ಕೂತಿರುವುದು ಎತ್ತರದಲ್ಲಿ, ಪಕ್ಕದಲ್ಲಿ ಸರಿದು ಹೋಗುವ ಮರ, ಮನೆ ಏನೂ ಇಲ್ಲ. ಮೆಲ್ಲಗೆ ಹೋಗುತ್ತಿದ್ದೇವೆ ಅನ್ನಿಸುತ್ತಿರುತ್ತದೆ, ಮೀಟರ್ ನೋಡಿದರೆ ಬೇರೆಯೇ ಲೆಕ್ಕ. ಅದಕ್ಕೇ ಅಂದಾಜು ನಂಬದೆ ಪರದೆಯ ಮೇಲಿನ ಅಂಕಿ ನೋಡುತ್ತಾರೆ. ತಿರುವಿನಲ್ಲಿ ಸುಮಾರು 10 ನಾಟ್, ಅಂದರೆ ಗಂಟೆಗೆ 18 ಕಿ.ಮೀ. ಆಸುಪಾಸು.

ಆದರೆ ನಿಜವಾದ ಅಪಾಯ ರನ್‌ವೇ ಬಾಗಿಲಲ್ಲಿದೆ. ಅಲ್ಲಿ ಟ್ಯಾಕ್ಸಿವೇಗೆ ಅಡ್ಡಲಾಗಿ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳ ಸಾಲಿರುತ್ತದೆ. ಹೆಸರು ಸ್ಟಾಪ್ ಬಾರ್. ಅದು ಉರಿಯುತ್ತಿದ್ದರೆ ದಾಟುವ ಹಾಗಿಲ್ಲ. ಟವರ್‌ನಲ್ಲಿ ಕೂತು ಸೂಚನೆ ಕೊಡುವ ಕಂಟ್ರೋಲರ್ ಬಾಯಲ್ಲಿ ‘ಹೋಗಿ’ ಅಂದರೂ ನಿಂತು, ‘ಕೆಂಪು ಇನ್ನೂ ಉರಿಯುತ್ತಿದೆಯಲ್ಲ’ ಅಂತ ಕೇಳಬೇಕು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ.

2024ರ ಜನವರಿ 2ರ ಸಂಜೆ, ಕತ್ತಲಾದ ಮೇಲೆ, ಟೋಕಿಯೋದ ಹನೇಡಾ ವಿಮಾನ ನಿಲ್ದಾಣದಲ್ಲಿ ಏನಾಯಿತು ನೋಡಿ. ಜಪಾನ್ ಕೋಸ್ಟ್ ಗಾರ್ಡ್‌ನ ಚಿಕ್ಕ ವಿಮಾನಕ್ಕೆ ಸಿಕ್ಕ ಸೂಚನೆ ರನ್‌ವೇಗೆ ಮೊದಲು ಇರುವ ಜಾಗದವರೆಗೆ ಬರಲು. ಜೊತೆಗೆ ‘ನಂಬರ್ 1’ ಅಂದರು, ಹೊರಡುವ ಸರದಿಯಲ್ಲಿ ಮೊದಲನೆಯವರು ಅನ್ನುವ ಅರ್ಥದಲ್ಲಿ. ಅನುಮತಿ ಸಿಕ್ಕಿತು ಅಂದುಕೊಂಡು ಆ ವಿಮಾನ ರನ್‌ವೇ ಮೇಲೆ ಹೋಗಿ ಸುಮಾರು 40 ಸೆಕೆಂಡ್ ನಿಂತಿತು. ಹಿಂದಿನಿಂದ ಇಳಿದ ಜಪಾನ್ ಏರ್‌ಲೈನ್ಸ್‌ನ ದೊಡ್ಡ ಪ್ರಯಾಣಿಕ ವಿಮಾನ ಎ350 ಅದಕ್ಕೆ ಬಡಿಯಿತು. ಚಿಕ್ಕ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡದರಲ್ಲಿದ್ದ 379 ಜನರೂ ಹೊರಬಂದರು. ಅಲ್ಲಿನ ಸ್ಟಾಪ್ ಬಾರ್ ಆಗ ದುರಸ್ತಿಯಲ್ಲಿತ್ತು. ಸರಿಯಿದ್ದರೂ ಮಂಜು ಮುಸುಕಿದಾಗ ಮಾತ್ರ ಹಾಕುವುದು ಆಗ ಅಲ್ಲಿನ ರೂಢಿಯಾಗಿತ್ತು, ಅವತ್ತು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಇಳಿಯುವ ಪೈಲಟ್‌ಗೆ ಮುಂದೆ ನಿಂತ ವಿಮಾನ ಕಾಣಲಿಲ್ವಾ ಅಂತ ಕೇಳಬಹುದು. ವಿಮಾನದ ಬಾಲದ ದೀಪ ಬಿಳಿ, ರನ್‌ವೇ ನಡುವಿನ ದೀಪಗಳೂ ಬಿಳಿ. ಮೇಲಿನಿಂದ ನೋಡಿದರೆ ಒಂದರಲ್ಲೊಂದು ಬೆರೆತುಹೋಗುತ್ತವೆ. ರನ್‌ವೇಗೆ ಕಾಲಿಡುವಾಗ ಫಳಫಳ ಮಿನುಗುವ ಸ್ಟ್ರೋಬ್ ಲೈಟ್ ಹಾಕುವುದು ಇದಕ್ಕೇ.

ದಾರಿ ತಪ್ಪಿದೆ ಅನ್ನಿಸಿದರೆ? ಇದ್ದಲ್ಲೇ ನಿಲ್ಲಿಸಿ ಟವರ್‌ಗೆ ಹೇಳುತ್ತಾರೆ. ಹಿಂದೆ ಸಾಲುಗಟ್ಟಿದವರು ಕಾಯಬೇಕು, ಅಷ್ಟೇ. ಬೇಕಾದರೆ ‘ಫಾಲೋ ಮಿ’ ಅಂತ ಬರೆದ ಗಾಡಿ ಮುಂದೆ ಬಂದು ಕರೆದುಕೊಂಡು ಹೋಗುತ್ತದೆ.